ಚುಕ್ಕಿ ಯಾರ ಹೊಲದಾಗ ಬಿತ್ತು?

ಮಕ್ಕಳೇ, ದೀಪ ಹಚ್ಚುವ ಹೊತ್ತು ಅಂದುಕೊಳ್ಳಿ. ಪಡುವಣದಲ್ಲಿ ಇನ್ನೂ ತುಸು ಕೆಂಪು ಉಳಿದಿದೆ. ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಾಳೆ. ನೀವು ಕಟ್ಟೆಯ ಮೇಲೆ ಕೂತು ಮಗ್ಗಿ ಒಪ್ಪಿಸುತ್ತಿದ್ದೀರಿ. ಹನ್ನೆರಡೇಳಲೆ ಎಷ್ಟು ಅಂತ ತಡವರಿಸುವಾಗಲೇ ಆಕಾಶದಲ್ಲಿ ಒಂದು ಬೆಳಕಿನ ಉಂಡೆ, ಹಿಂದೆ ಬಾಲ ಎಳೆದುಕೊಂಡು, ಸರ್ರನೆ ಜಾರಿ ಬಂದು ಗುಡ್ಡದ ತಲೆಯ ಹತ್ತಿರ ಆರಿಹೋಗುತ್ತದೆ. ಎಲ್ಲ ಸೇರಿ ನಾಲ್ಕೈದು ಸೆಕೆಂಡು. ಮಗ್ಗಿ ಮರೆತೇ ಹೋಯಿತು.

“ಏ, ಚುಕ್ಕಿ ಬಿತ್ತು! ಗುಡ್ಡದ ಹಿಂದ ಬಿತ್ತು ನೋಡ್ರೋ!”

ಹೀಗೆ ಕೂಗಿದ್ದು ಕೊಪ್ಪಳದ ಒಬ್ಬ ಹುಡುಗಿ. ಅದೇ ಗಳಿಗೆಯಲ್ಲಿ ಗಂಗಾವತಿಯ ಹುಡುಗನೊಬ್ಬ ಕಾಲುವೆಯ ದಂಡೆಯ ಮೇಲೆ ನಿಂತು, “ಆ ಗದ್ದಿ ಆಚೆ ಬಿತ್ತು” ಅನ್ನುತ್ತಾನೆ. ಕುಷ್ಟಗಿಯವನು “ನಮ್ಮ ಮಾಮಾನ ಮಸಾರಿ ಹೊಲದಾಗ” ಅನ್ನುತ್ತಾನೆ. ಯಲಬುರ್ಗಿಯವಳು “ಎರಿ ಹೊಲದಾಗ, ಜ್ವಾಳದ ನಡುವ” ಅಂತ ಆಣೆ ಹಾಕುತ್ತಾಳೆ. ಬಿದ್ದದ್ದು ಒಂದು, ಬಿದ್ದ ಜಾಗ ನಾಲ್ಕು! ಈ ಪಂಚಾಯ್ತಿ ಬಿಡಿಸುವುದೇ ನಮ್ಮ ಇವತ್ತಿನ ಕೆಲಸ. ಅದಕ್ಕೂ ಮೊದಲು ಆ ಬೆಳಕು ಏನು ಅಂತ ತಿಳಿಯೋಣ.

ಬಿದ್ದದ್ದು ಚುಕ್ಕಿಯಲ್ಲ. ಚುಕ್ಕಿ ಅಂದರೆ ಸೂರ್ಯನ ಜಾತಿಯದು. ನಮ್ಮ ಸೂರ್ಯನೊಳಗೆ ಸುಮಾರು 13 ಲಕ್ಷ ಭೂಮಿಗಳನ್ನು ತುಂಬಬಹುದು. ಅಂಥದ್ದು ಯಾರ ಹೊಲದಲ್ಲಿ ಹಿಡಿಸೀತು? ಅನುಮಾನವಿದ್ದರೆ ಚಳಿಗಾಲದ ರಾತ್ರಿ ಮೂಡಣಕ್ಕೆ ನೋಡಿ. ಮೂರು ಚುಕ್ಕಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ನಿಮ್ಮ ಮುತ್ತಜ್ಜ ನೋಡಿದಾಗಲೂ ಮೂರೇ ಇದ್ದವು. ಎಷ್ಟು ಚುಕ್ಕಿ “ಬಿದ್ದರೂ” ಆ ಲೆಕ್ಕ ತಪ್ಪಿಲ್ಲ.

ಹಾಗಾದರೆ ಬಿದ್ದದ್ದೇನು? ಒಂದು ಹರಳು. ಗಂಗಾವತಿಯ ರಸ್ತೆಯಲ್ಲಿ ಸುಗ್ಗಿಯ ಕಾಲಕ್ಕೆ ಭತ್ತದ ಹುಲ್ಲು ಹೇರಿಕೊಂಡ ಟ್ರ್ಯಾಕ್ಟರ್ ಹೋಗುವುದನ್ನು ನೋಡಿದ್ದೀರಲ್ಲ? ಟ್ರ್ಯಾಕ್ಟರ್ ಮುಂದೆ ಹೋಗಿ ಎಷ್ಟೋ ಹೊತ್ತಾದ ಮೇಲೂ ದಾರಿಯುದ್ದಕ್ಕೂ ಹುಲ್ಲಿನ ಎಳೆಗಳು ಬಿದ್ದಿರುತ್ತವೆ. ಧೂಮಕೇತುಗಳೂ ಹಾಗೇ. ಸೂರ್ಯನನ್ನು ಸುತ್ತುವಾಗ ದೂಳು, ಹರಳು ಉದುರಿಸುತ್ತ ಹೋಗುತ್ತವೆ. ಇನ್ನು ಕೆಲವು ಹರಳುಗಳು, ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ದೊಡ್ಡ ಬಂಡೆಗಳು ಒಂದಕ್ಕೊಂದು ಢಿಕ್ಕಿ ಹೊಡೆದಾಗ ಸಿಡಿದ ಚೂರುಗಳು. ನಮ್ಮ ಭೂಮಿ ತನ್ನ ಪಾಡಿಗೆ ತಾನು ಹೋಗುತ್ತ ಇವುಗಳ ದಾರಿಗೆ ಅಡ್ಡ ಬರುತ್ತದೆ. ಹರಳು ನಮ್ಮ ಗಾಳಿಯೊಳಗೆ ನುಗ್ಗಿ ಬೆಳಗಿದಾಗ ಅದನ್ನು ಉಲ್ಕೆ ಅನ್ನುತ್ತೇವೆ.

ಎಷ್ಟು ದೊಡ್ಡ ಹರಳು? ಇದನ್ನು ಮೊದಲ ಸಲ ಕೇಳಿದಾಗ ನಾನೇ ನಂಬಲಿಲ್ಲ. ರಾತ್ರಿ ಒಮ್ಮೊಮ್ಮೆ ತೆಳ್ಳಗೆ ಗೀರೆಳೆದು ಹೋಗುವ ಉಲ್ಕೆ ಒಂದು ರವೆಯ ಕಾಳಿನಷ್ಟೋ ಜೋಳದ ಕಾಳಿನಷ್ಟೋ ಇರುತ್ತದೆ. ಅಷ್ಟೇ! ಊರೆಲ್ಲ ತಲೆ ಎತ್ತಿ ನೋಡುವಂಥ ಬೆಳಕಿನ ಉಂಡೆಯಾದರೆ ನಿಂಬೆಹಣ್ಣಿನಷ್ಟೋ ತೆಂಗಿನಕಾಯಿಯಷ್ಟೋ ಇದ್ದೀತು, ಅಪರೂಪಕ್ಕೆ ಇನ್ನೂ ದೊಡ್ಡದು. ಶುಕ್ರ ಗ್ರಹಕ್ಕಿಂತ ಹೆಚ್ಚು ಬೆಳಗಿದರೆ ಅದಕ್ಕೆ ಅಗ್ನಿಗೋಳ ಅಂತ ಹೆಸರು.

ಜೋಳದ ಕಾಳು ಅಷ್ಟು ದೂರಕ್ಕೆ ಕಾಣುವ ಹಾಗೆ ಹೇಗೆ ಉರಿಯುತ್ತದೆ? ಅದರ ಗುಟ್ಟು ವೇಗದಲ್ಲಿದೆ. ಕೊಪ್ಪಳದಿಂದ ಗಂಗಾವತಿಗೆ ಬಸ್ಸಿನಲ್ಲಿ ಹೋದರೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಉಲ್ಕೆಗೆ? “ಒಂದು, ಎರಡು” ಅಂತ ಎಣಿಸಿ. ಮುಟ್ಟಿತು. ನಿಧಾನದ ಉಲ್ಕೆಯೂ ಸೆಕೆಂಡಿಗೆ 11 ಕಿಲೋಮೀಟರ್ ಓಡುತ್ತದೆ. ಅವಸರದ್ದು 70 ಕಿಲೋಮೀಟರ್ ದಾಟುತ್ತದೆ.

ಈಗ ಸೈಕಲ್ ಪಂಪು ತನ್ನಿ. ತುದಿಯ ತೂತನ್ನು ಬೆರಳಿನಿಂದ ಒತ್ತಿ ಹಿಡಿದು ನಾಲ್ಕಾರು ಸಲ ಜೋರಾಗಿ ಹೊಡೆಯಿರಿ. ಆಮೇಲೆ ಪಂಪಿನ ಬುಡ ಮುಟ್ಟಿ. ಬೆಚ್ಚಗಾಗಿದೆ, ಅಲ್ಲವೇ? ಒಳಗಿನ ಗಾಳಿಯನ್ನು ನೀವು ಅವಸರದಲ್ಲಿ ಒತ್ತಿ ಹಿಂಡಿದಿರಿ, ಗಾಳಿ ಬಿಸಿಯಾಯಿತು. ಉಲ್ಕೆಯೂ ಇದನ್ನೇ ಮಾಡುತ್ತದೆ. ಅದರ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರಸೊತ್ತೇ ಸಿಗುವುದಿಲ್ಲ. ಹಿಂಡಿಹೋದ ಆ ಗಾಳಿ ಸಾವಿರಾರು ಡಿಗ್ರಿ ಕಾಯುತ್ತದೆ. ಹರಳಿನ ಮೈ ಕರಗಿ, ಆವಿಯಾಗಿ, ಗಾಳಿಯ ಜೊತೆ ತಾನೂ ಬೆಳಗುತ್ತದೆ. ಗಾಳಿಗೆ ತಿಕ್ಕಿ ಬೆಂಕಿ ಹತ್ತುತ್ತದೆ ಅಂತ ಶಾಲೆಯಲ್ಲಿ ನಾನೂ ಬರೆದು ಅಂಕ ತೆಗೆದುಕೊಂಡವನೇ. ತಿಕ್ಕಾಟ ಇಲ್ಲವೆಂದಲ್ಲ, ಆದರೆ ದೊಡ್ಡ ಕೆಲಸ ಹಿಂಡುವಿಕೆಯದು.

ಕೆಲವು ಉಲ್ಕೆ ಹಳದಿ, ಕೆಲವು ಹಸಿರು ಛಾಯೆಯವು. ಇದನ್ನು ತಿಳಿಯಲು ಅಡುಗೆಮನೆಗೆ ಹೋಗೋಣ. ಒಲೆಯ ಮೇಲೆ ಅನ್ನ ಉಕ್ಕಿ ಉಪ್ಪುನೀರು ಗ್ಯಾಸಿನ ನೀಲಿ ಉರಿಯ ಮೇಲೆ ಬಿದ್ದಾಗ ಉರಿ ಥಟ್ಟನೆ ಹಳದಿಯಾಗುತ್ತದೆ. (ಅವ್ವನ ಪಕ್ಕ ನಿಂತು ನೋಡಿ, ನೀವೇ ಉಪ್ಪು ಎರಚಲು ಹೋಗಬೇಡಿ.) ಉಪ್ಪಿನಲ್ಲಿರುವ ಸೋಡಿಯಂ ಬೆಂಕಿಗೆ ಬಿದ್ದರೆ ಯಾವಾಗಲೂ ಹಳದಿ. ಉಲ್ಕೆಯಲ್ಲೂ ಸೋಡಿಯಂ ಇದೆ, ಹಸಿರು-ನೀಲಿಗೆ ತಿರುಗುವ ಮೆಗ್ನೀಸಿಯಂ ಇದೆ, ಕಬ್ಬಿಣವೂ ಇದೆ. ನೀವು ಮುಟ್ಟದೆಯೇ ಆ ಹರಳು ತನ್ನೊಳಗೆ ಏನೇನಿತ್ತು ಅಂತ ಬಣ್ಣದಲ್ಲೇ ಹೇಳಿ ಹೋಗುತ್ತದೆ.

ಸರಿ, ಈಗ ಪಂಚಾಯ್ತಿಗೆ ಬನ್ನಿ.

ನಾಲ್ವರೂ ತಮ್ಮ ತಮ್ಮ ಊರಿನ ಪಕ್ಕಕ್ಕೇ ಬಿತ್ತು ಅಂದದ್ದು ಏಕೆ? ಯಾರೂ ಸುಳ್ಳು ಹೇಳಿಲ್ಲ. ಹುಣಸೆಮರದ ಕೊಂಬೆಗೆ ಚಂದ್ರ ಸಿಕ್ಕಿಕೊಂಡ ಹಾಗೆ ಕಾಣುವುದಿಲ್ಲವೇ? ರಾತ್ರಿ ಬಸ್ಸಿನ ಕಿಟಕಿಯಲ್ಲಿ ಕೂತರೆ ಚಂದ್ರ ನಿಮ್ಮ ಜೊತೆಗೇ ಓಡಿಬರುವುದಿಲ್ಲವೇ? ಅಷ್ಟು ದೂರದ ವಸ್ತು ಎಷ್ಟು ದೂರದಲ್ಲಿದೆ ಅಂತ ಹೇಳಲು ಕಣ್ಣಿಗೆ ಬರುವುದಿಲ್ಲ. ಆಗ ಕಣ್ಣು ಹತ್ತಿರದ ಗುಡ್ಡವನ್ನೋ ಮರವನ್ನೋ ಆಸರೆ ಹಿಡಿದು ಊಹೆ ಮಾಡುತ್ತದೆ. ಗುಡ್ಡದ ಹಿಂದೆ ಮರೆಯಾಯಿತು, ಹಾಗಾದರೆ ಗುಡ್ಡದ ಹಿಂದೆಯೇ ಬಿತ್ತು, ಅಷ್ಟೇ ಅದರ ಲೆಕ್ಕ.

ಈ ಮೋಸ ಹಿಡಿಯಲು ಒಂದು ಆಟವಿದೆ. ಕೈ ಚಾಚಿ ಹೆಬ್ಬೆರಳು ಎತ್ತಿ, ಗೋಡೆಯ ಕ್ಯಾಲೆಂಡರಿನ ನೇರಕ್ಕೆ ಹಿಡಿಯಿರಿ. ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು ಮುಚ್ಚಿ ನೋಡಿ. ಬೆರಳು ಕ್ಯಾಲೆಂಡರಿನ ಮೇಲೆ ಆ ತಾರೀಕಿನಿಂದ ಈ ತಾರೀಕಿಗೆ ಜಿಗಿಯುತ್ತದೆ. ಬೆರಳನ್ನು ಮೂಗಿನ ಹತ್ತಿರ ತಂದರೆ ಜಿಗಿತ ದೊಡ್ಡದು, ದೂರ ಒಯ್ದರೆ ಸಣ್ಣದು. ಅಂದರೆ ಜಿಗಿತ ಅಳೆದರೆ ದೂರ ಗೊತ್ತಾಗುತ್ತದೆ!

ಉಲ್ಕೆಗೆ ಈ ಆಟ ನಡೆಯುವುದಿಲ್ಲ, ನಮ್ಮ ಎರಡು ಕಣ್ಣಿನ ನಡುವೆ ಇರುವುದು ನಾಲ್ಕು ಬೆರಳಿನ ಜಾಗ ಮಾತ್ರ. ಹಾಗಾದರೆ ಕಣ್ಣುಗಳನ್ನು ದೂರ ದೂರ ಇಡೋಣ. ಬಡಗಣಕ್ಕೆ ಮುಖ ಮಾಡಿ ನಿಂತ ಒಬ್ಬ ದೊಡ್ಡ ರಾಕ್ಷಸನನ್ನು ನೆನೆಸಿಕೊಳ್ಳಿ. ಕೊಪ್ಪಳ ಅವನ ಎಡಗಣ್ಣು, ಗಂಗಾವತಿ ಬಲಗಣ್ಣು. ನಡುವೆ ನೇರ ಗೆರೆ ಎಳೆದರೆ ಸುಮಾರು 40 ಕಿಲೋಮೀಟರ್. ಆ ರಾಕ್ಷಸನಿಗೆ ಉಲ್ಕೆ ಜಿಗಿಯುವುದು ಚೆನ್ನಾಗಿ ಕಾಣುತ್ತದೆ.

ಅಳೆಯಲು ಪಟ್ಟಿ ಬೇಡ, ಮುಷ್ಟಿ ಸಾಕು. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ನಂಬಿಕೆ ಬರದಿದ್ದರೆ ನೆಲದ ಅಂಚಿನಿಂದ ಶುರುಮಾಡಿ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಹೋಗಿ, ಒಂಬತ್ತಕ್ಕೆ ನೆತ್ತಿ ಮುಟ್ಟುತ್ತೀರಿ. ಇನ್ನು ದಿಕ್ಕಿಗೆ ಧ್ರುವ ನಕ್ಷತ್ರವಿದೆ. ನಮ್ಮ ಕೊಪ್ಪಳದ ಸೀಮೆಯಲ್ಲಿ ಅದು ತೀರ ಕೆಳಗೆ, ಬಡಗಣದ ಅಂಚಿನಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿ ಕಾಣುತ್ತದೆ.

ಸಂಜೆಯ ಬೆಳಕಿನಲ್ಲಿ ಧ್ರುವ ಇನ್ನೂ ಕಾಣುವುದಿಲ್ಲ, ನಿಜ. ಅದಕ್ಕೇ ಉಲ್ಕೆ ಆರಿಹೋದ ಕೂಡಲೇ ನಿಂತ ಜಾಗ ಬಿಟ್ಟು ಅಲ್ಲಾಡಬೇಡಿ. ಅದು ಬೇವಿನಮರದ ಯಾವ ಟೊಂಗೆಯ ನೇರಕ್ಕೆ ಆರಿತು, ಗೋಡೆಯ ಯಾವ ಮೂಲೆಯ ಮೇಲಿತ್ತು ಅಂತ ಗುರುತು ಮಾಡಿ. ಕಾಲ ಕೆಳಗೆ ಒಂದು ಕಲ್ಲಿಡಿ. ಕತ್ತಲಾದ ಮೇಲೆ ಅದೇ ಕಲ್ಲಿನ ಮೇಲೆ ನಿಂತು, ಧ್ರುವದ ಕೆಳಗಿನ ಅಂಚಿನಿಂದ ಬಲಕ್ಕೆ ಎಷ್ಟು ಮುಷ್ಟಿ ಅಂತ ಎಣಿಸಿ.

ನಮ್ಮ ನಾಲ್ವರೂ ಎಣಿಸಿದರು ಅನ್ನೋಣ. ಗಂಗಾವತಿಯವನಿಗೆ ಸುಮಾರು ಎರಡೂವರೆ ಮುಷ್ಟಿ. ಕೊಪ್ಪಳದವಳಿಗೆ ಮೂರೂವರೆ. ಕುಷ್ಟಗಿ, ಯಲಬುರ್ಗಿಯವರಿಗೆ ನಾಲ್ಕು ದಾಟಿತು. ಎತ್ತರ ಮಾತ್ರ ಎಲ್ಲರಿಗೂ ಹತ್ತಿರ ಹತ್ತಿರ ಒಂದೇ ಮುಷ್ಟಿ. ಈಗ ಕರ್ನಾಟಕದ ನಕಾಶೆ ಹಾಸಿ, ಕಂಪಾಸ್ ಪೆಟ್ಟಿಗೆಯ ಕೋನಮಾಪಕ ತೆಗೆದು, ಒಂದೊಂದು ಊರಿನಿಂದ ಒಂದೊಂದು ಗೆರೆ ಎಳೆಯಿರಿ.

ಗೆರೆಗಳು ಯಾರ ಗುಡ್ಡದ ಹಿಂದೆಯೂ ಕೂಡುವುದಿಲ್ಲ. ಕುಷ್ಟಗಿ ದಾಟಿ, ಲಿಂಗಸುಗೂರು ದಾಟಿ, ಕೃಷ್ಣಾ ನದಿಯನ್ನೂ ದಾಟಿ, ಎಲ್ಲೋ ಯಾದಗಿರಿಯ ಹತ್ತಿರ ಹೋಗಿ ಕೂಡುತ್ತವೆ! ಗಂಗಾವತಿಯಿಂದ ಅದು 160 ಕಿಲೋಮೀಟರಿನಷ್ಟು ದೂರ. ಎತ್ತರದ ಲೆಕ್ಕ ಇನ್ನೂ ಸುಲಭ. ಒಂದು ಮುಷ್ಟಿ ಅಂದರೆ ದೂರದ ಆರರಲ್ಲಿ ಒಂದು ಪಾಲು. 160ರಲ್ಲಿ ಆರನೇ ಒಂದು ಪಾಲು ಸುಮಾರು 27 ಕಿಲೋಮೀಟರ್. ನಮ್ಮ ತಲೆಯ ಮೇಲೆ ಹಾರುವ ದೊಡ್ಡ ವಿಮಾನಗಳ ಎತ್ತರ ಹತ್ತು-ಹನ್ನೊಂದು ಕಿಲೋಮೀಟರ್. ಅವಕ್ಕಿಂತ ಎರಡೂವರೆ ಪಟ್ಟು ಮೇಲೆ ಆ ಬೆಳಕು ಆರಿತ್ತು. ಪಾಪ, ಕುಷ್ಟಗಿಯ ಮಾಮಾ ಬೆಳಗಾಗುತ್ತಲೇ ಹೊಲವೆಲ್ಲ ಹುಡುಕಿ ಬಂದಿರುತ್ತಾನೆ.

ಇದು ನಾನು ಕಟ್ಟಿದ ಕತೆ, ಆದರೆ ಉಪಾಯ ನನ್ನದಲ್ಲ. 1798ರಲ್ಲಿ ಜರ್ಮನಿಯ ಗಟಿಂಗೆನ್ ಊರಿನಲ್ಲಿ ಬ್ರಾಂಡೆಸ್, ಬೆಂಜೆನ್‌ಬರ್ಗ್ ಎಂಬ ಇಬ್ಬರು ವಿದ್ಯಾರ್ಥಿಗಳಿದ್ದರು. ಇಬ್ಬರಿಗೂ ಇಪ್ಪತ್ತರ ಆಸುಪಾಸಿನ ವಯಸ್ಸು. ಉಲ್ಕೆಯೂ ಮಿಂಚಿನ ಹಾಗೆ ಮೋಡದ ಮಟ್ಟದಲ್ಲೇ ಹುಟ್ಟುತ್ತದೆ ಅಂತ ಆ ಕಾಲದ ಎಷ್ಟೋ ಜನ ನಂಬಿದ್ದರು. ಈ ಗೆಳೆಯರು ಕೆಲವು ಮೈಲಿ ದೂರ ದೂರ ಕೂತು, ರಾತ್ರಿಯಿಡೀ ಉಲ್ಕೆ ನೋಡಿ, ಗಂಟೆ ನಿಮಿಷ ಬರೆದು, ನಕ್ಷತ್ರಗಳ ನಕ್ಷೆಯ ಮೇಲೆ ಗೀರೆಳೆದರು. ಆಮೇಲೆ ಇಬ್ಬರ ಪಟ್ಟಿಯನ್ನೂ ಎದುರುಬದುರು ಇಟ್ಟರು. ನೂರಾರು ಉಲ್ಕೆಗಳಲ್ಲಿ ಇಬ್ಬರೂ ಒಟ್ಟಿಗೆ ಕಂಡದ್ದು ಬರೀ 22. ಅಷ್ಟರಲ್ಲೇ ಗೊತ್ತಾಯಿತು: ಸಾಮಾನ್ಯ ಉಲ್ಕೆಗಳು ಬೆಳಗುವುದು ನೆಲದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ. ಮೋಡಗಳು ಎಲ್ಲಿ, ಅದೆಲ್ಲಿ!

ಅಷ್ಟು ದೂರ ಅಂದ ಮೇಲೆ ಸದ್ದಿನ ಗತಿ ಏನು? ಶಬ್ದ ಒಂದು ಕಿಲೋಮೀಟರ್ ನಡೆಯಲು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ಮಿಂಚು ಮೊದಲು, ಗುಡುಗು ಆಮೇಲೆ, ಗೊತ್ತಲ್ಲ? ನಮ್ಮ ಕತೆಯ ಉಲ್ಕೆ ಗುಡುಗಿದ್ದರೆ ಯಾದಗಿರಿಯವರಿಗೆ ಒಂದೂವರೆ ನಿಮಿಷದ ಮೇಲೆ ಕೇಳುತ್ತಿತ್ತು. ಕೊಪ್ಪಳದವರೆಗೆ ಅದು ಬರುವುದೇ ಅನುಮಾನ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಮೇಲೆ ಒಂದು ಮನೆಗಿಂತ ದೊಡ್ಡ ಬಂಡೆ, ಸುಮಾರು 20 ಮೀಟರಿನದು, ಹೀಗೆ ನುಗ್ಗಿ ಸಿಡಿಯಿತು. ಬೆಳಕು ಕಂಡವರು ಏನದು ಅಂತ ಕಿಟಕಿಗೆ ಮುಖ ಹಚ್ಚಿ ನಿಂತಿದ್ದಾಗ, ಎರಡು ನಿಮಿಷ ತಡವಾಗಿ ಬಂದ ಗಾಳಿಯ ಹೊಡೆತಕ್ಕೆ ಗಾಜು ಒಡೆದವು. ಸಾವಿರಕ್ಕೂ ಹೆಚ್ಚು ಜನಕ್ಕೆ ಗಾಯವಾದದ್ದು ಹೆಚ್ಚಾಗಿ ಗಾಜಿನಿಂದ, ಕಲ್ಲಿನಿಂದಲ್ಲ. ಅಂಥದ್ದು ತೀರ ಅಪರೂಪ, ಹೆದರಬೇಡಿ. ಆದರೂ ಕಣ್ಣು ಕುಕ್ಕುವ ಬೆಳಕು ಕಂಡರೆ ಗಾಜಿನ ಕಿಟಕಿಯಿಂದ ದೂರ ನಿಲ್ಲಿ.

ಹಾಗಾದರೆ ನೆಲಕ್ಕೆ ಏನೂ ಬೀಳುವುದೇ ಇಲ್ಲವೇ? ಬೀಳುತ್ತದೆ. ಹರಳು ದೊಡ್ಡದಿದ್ದರೆ ಪೂರ್ತಿ ಕರಗದೆ ಒಂದಿಷ್ಟು ಉಳಿಯುತ್ತದೆ. ಬೆಳಕು ಆರಿದ ಮೇಲೆ ಅದು ಕತ್ತಲಲ್ಲೇ, ಮಾಳಿಗೆಯ ಮೇಲಿಂದ ಬಿಟ್ಟ ಕಲ್ಲಿನ ಹಾಗೆ, ಕೆಳಗೆ ಇಳಿಯುತ್ತದೆ. ಅದಕ್ಕೇ ಉರಿಯುತ್ತ ಉರಿಯುತ್ತ ಹೊಲಕ್ಕೆ ಬಂದು ಬಿತ್ತು ಎನ್ನುವ ಮಾತು ಕೇಳಿದರೆ ನನಗೆ ಒಳಗೊಳಗೇ ನಗು. ಕೆಂಡದ ಮೇಲೆ ಬದನೆಕಾಯಿ ಸುಟ್ಟಾಗ ಸಿಪ್ಪೆ ಕರ್ರಗಾಗುತ್ತದಲ್ಲ, ಹಾಗೇ ಈ ಕಲ್ಲಿನ ಮೇಲೂ ತೆಳುವಾದ ಕರಿ ಸಿಪ್ಪೆ ಇರುತ್ತದೆ. ಬದನೆಕಾಯಿ ಒಳಗೂ ಬೇಯುತ್ತದೆ, ಕಲ್ಲಿಗೆ ಅಷ್ಟು ಪುರಸೊತ್ತಿಲ್ಲ. ಬೆಂಕಿಯ ಆಟ ಕೆಲವೇ ಸೆಕೆಂಡಿನದು, ಒಳಗಿನ ಬೂದು ಬಣ್ಣ ಹಾಗೇ ಉಳಿಯುತ್ತದೆ.

ನಮ್ಮ ಕಡೆಯೂ ಇಂಥ ಕಲ್ಲು ಬಿದ್ದಿದೆ. 1848ರ ಫೆಬ್ರುವರಿ 15ರಂದು, ಚೆಲ್ಯಾಬಿನ್ಸ್ಕಿನದೇ ತಾರೀಕು ನೋಡಿ, ಈಗಿನ ಹಾವೇರಿ ಜಿಲ್ಲೆಯ ನೆಗಳೂರಿನ ಬಳಿ ಒಂದು ಕಲ್ಲು ಬಿತ್ತು. ಎರಡು ಕಿಲೋಗೆ ತುಸು ಕಡಿಮೆ ತೂಕದ್ದು. ಹಾವೇರಿಯ ಅಂಚಿನಲ್ಲಿ ಹರಿಯುವ ತುಂಗಭದ್ರೆಯೇ ಮುಂದೆ ಮುನಿರಾಬಾದಿನ ಅಣೆಕಟ್ಟಿನಲ್ಲಿ ನಿಂತು ಗಂಗಾವತಿಯ ಗದ್ದೆಗಳಿಗೆ ನೀರುಣಿಸುತ್ತಾಳೆ, ಅಂದರೆ ಅದು ನಮ್ಮ ನೆರೆಯ ಕಲ್ಲೇ. ಹೀಗೆ ನೆಲ ಮುಟ್ಟಿದ ಕಲ್ಲಿಗೆ, ಅಂದರೆ ಉಲ್ಕಾಶಿಲೆಗೆ, ಅದು ಬಿದ್ದ ಸೀಮೆಯ ಹೆಸರಿಡುವುದು ರೂಢಿ. ನೆಗಳೂರು ಆಗ ಧಾರವಾಡ ಜಿಲ್ಲೆಯಲ್ಲಿದ್ದುದರಿಂದ ಪ್ರಪಂಚದ ಪಟ್ಟಿಯಲ್ಲಿ ಅದರ ಹೆಸರು ‘ಧಾರವಾಡ’. 1865ರಲ್ಲಿ ಮದ್ದೂರಿನದು ಬಿತ್ತು, 1866ರಲ್ಲಿ ಉಡುಪಿಯದು. ‘ಯಲಬುರ್ಗಿ’ ಎಂಬ ಹೆಸರು ಆ ಪಟ್ಟಿಗೆ ಸೇರಿದರೆ ಎಷ್ಟು ಚೆಂದ!

ಇಂಥ ಕಲ್ಲುಗಳಿಗೆ ಎಷ್ಟು ವಯಸ್ಸು ಗೊತ್ತೇ? ಕೊಪ್ಪಳದ ಕೋಟೆಯ ಗುಡ್ಡ, ಆನೆಗೊಂದಿಯ ಬಂಡೆಗಳು, ಹಿರೇಬೆಣಕಲ್ಲಿನಲ್ಲಿ ಹಿಂದಿನವರು ಕಲ್ಲಿನ ಮನೆಗಳನ್ನು ನಿಲ್ಲಿಸಿದ ಆ ಗುಡ್ಡ, ಇವೆಲ್ಲ ಸುಮಾರು 250 ಕೋಟಿ ವರ್ಷದ ಮುದುಕರು. ಉಲ್ಕಾಶಿಲೆಗಳು ಹೆಚ್ಚಾಗಿ 450 ಕೋಟಿ ವರ್ಷದವು. ಸೂರ್ಯನೂ ಭೂಮಿಯೂ ಹುಟ್ಟುವಾಗ ಉಳಿದ ಹಿಟ್ಟಿನ ಉಂಡೆಗಳು. ಕರಿ ಸಿಪ್ಪೆಯ, ಗಾತ್ರಕ್ಕೆ ಮೀರಿ ಭಾರವಾದ, ಅಯಸ್ಕಾಂತ ಹಿಡಿದರೆ ಅಂಟುವ ಕಲ್ಲು ಎಲ್ಲಾದರೂ ಕಂಡರೆ ಒಡೆಯಬೇಡಿ, ತೊಳೆಯಬೇಡಿ. ಕಾಗದದಲ್ಲಿ ಸುತ್ತಿ ವಿಜ್ಞಾನದ ಮೇಷ್ಟ್ರಿಗೆ ಕೊಡಿ. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಯ್ದಿಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ಕಬ್ಬಿಣದ ಕುಲುಮೆಯ ಕಿಟ್ಟವೂ ಹಾಗೇ ಕಾಣುತ್ತದೆ, ಮೇಷ್ಟ್ರು ನಕ್ಕರೆ ಬೇಜಾರಾಗಬೇಡಿ.

ಇನ್ನೊಂದು ಮಾತು. ಸಂಜೆಯ ಉಲ್ಕೆ ಕೊಂಚ ನಿಧಾನ, ಬೆಳಗಿನ ಜಾವದ್ದು ಅವಸರ. ಅಪ್ಪನ ಬೈಕಿನ ಮೇಲೆ ಸಂಜೆ ಹೊರಟಾಗ ಹುಳಗಳು ಬಂದು ಬಡಿಯುವುದು ಮುಂದೆ ಕೂತವನ ಮುಖಕ್ಕೆ, ಹಿಂದೆ ಕೂತವನ ಬೆನ್ನಿಗಲ್ಲ. ಭೂಮಿಯೂ ಸೆಕೆಂಡಿಗೆ 30 ಕಿಲೋಮೀಟರ್ ಓಡುವ ಬೈಕು. ನಸುಕಿನಲ್ಲಿ ನಾವು ಅದರ ಮುಂಭಾಗದಲ್ಲಿ ಇರುತ್ತೇವೆ, ಸಂಜೆ ಹಿಂಭಾಗದಲ್ಲಿ. ಸಂಜೆಯ ಹರಳು ಬೆನ್ನಟ್ಟಿ ಬಂದು ನಮ್ಮನ್ನು ಮುಟ್ಟಬೇಕು. ಹಾಗಾಗಿ ಸಂಖ್ಯೆ ಕಡಿಮೆ, ಆದರೆ ಕಣ್ತುಂಬ ನೋಡಲು ಬಿಡುವು ಹೆಚ್ಚು.

ತೀರ ನಿಧಾನವಾಗಿ, ಒಂದು ನಿಮಿಷದ ಹತ್ತಿರ, ಚೂರು ಚೂರಾಗಿ ಸಾಲುಗಟ್ಟಿ ಹೋದರೆ ಅದು ಬಹುಶಃ ಉಲ್ಕೆಯಲ್ಲ. 2022ರ ಏಪ್ರಿಲ್ 2ರ ಸಂಜೆ ಮಹಾರಾಷ್ಟ್ರದ ಆಕಾಶದಲ್ಲಿ ಹಾಗೆ ಕಂಡಿತು. ಅದು ಕೆಲಸ ಮುಗಿಸಿದ ರಾಕೆಟ್ಟಿನ ಅವಶೇಷ. ಚಂದ್ರಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೇ ಬಿದ್ದಿತ್ತು.

ನಿಮಗೆ ಉಲ್ಕೆ ನೋಡುವ ಆಸೆ ಹುಟ್ಟಿದ್ದರೆ ಡಿಸೆಂಬರ್ 13, 14ರ ರಾತ್ರಿಗಳನ್ನು ಗುರುತು ಹಾಕಿಕೊಳ್ಳಿ. ಫೇಥಾನ್ ಎಂಬ ಒಂದು ಬಂಡೆ ಉದುರಿಸಿದ ಹರಳುಗಳ ಸಾಲಿಗೆ ಆಗ ಪ್ರತಿವರ್ಷ ಭೂಮಿ ಅಡ್ಡ ಹಾಯುತ್ತದೆ. ರಾತ್ರಿ ಒಂಬತ್ತು-ಹತ್ತಕ್ಕೇ ಶುರುವಾಗುತ್ತದೆ, ನಸುಕಿಗೆ ಏಳುವ ಕಷ್ಟವಿಲ್ಲ. ಚಂದ್ರನಿಲ್ಲದ ವರ್ಷ, ಊರ ದೀಪ ತಾಗದ ಹೊಲದಲ್ಲಿ, ಗಂಟೆಗೆ ಹತ್ತಾರು ಕಾಣುತ್ತವೆ. ದುರ್ಬೀನು ಬೇಡ. ಅಜ್ಜಿಯ ಕೌದಿ ಎರಡು ಬೇಕು, ಒಂದು ಹಾಸಲು, ಒಂದು ಹೊದೆಯಲು. ಜೇಬಿನಲ್ಲಿ ಹುರಿದ ಶೇಂಗಾ, ತಲೆಯ ಹತ್ತಿರ ನೋಟ್‌ಬುಕ್ಕು. ಕುಷ್ಟಗಿಯಲ್ಲೋ ಯಲಬುರ್ಗಿಯಲ್ಲೋ ಒಬ್ಬ ಗೆಳತಿಗೆ ಮೊದಲೇ ಹೇಳಿಡಿ. ಇಬ್ಬರ ಗಡಿಯಾರವೂ ಒಂದೇ ನಿಮಿಷ ತೋರಿಸುವಂತೆ ಸರಿಮಾಡಿಕೊಳ್ಳಿ.

ದೊಡ್ಡದೊಂದು ಕಂಡರೆ ಊರು ಕೇಳುವ ಹಾಗೆ ಕೂಗಿ, ಅದಕ್ಕೇನೂ ಅಡ್ಡಿಯಿಲ್ಲ. ಆದರೆ ಯಾರ ಹೊಲದಾಗ ಬಿತ್ತು ಅಂತ ಬೆರಳು ತೋರಿಸುವ ಮೊದಲು ಕೈ ಚಾಚಿ, ಮುಷ್ಟಿ ಹಿಡಿಯಿರಿ.